ಪೈಪು ಗುದ್ದಿದರೆ ಸುಮ್ಮನಿರಬಾರದು

ಮನೆಮನೆಗೆ ನಲ್ಲಿ ಬಂದ ಮೇಲೆ ನಮ್ಮ ಕೊಪ್ಪದ ಕಡೆಯ ಹಳ್ಳಿಗಳಲ್ಲಿ ಒಂದು ಹೊಸ ಸದ್ದು ಸೇರಿಕೊಂಡಿದೆ. ನಲ್ಲಿ ನಿಲ್ಲಿಸಿದ ಕೂಡಲೇ ಗೋಡೆಯೊಳಗೆ ಸುತ್ತಿಗೆಯಲ್ಲಿ ಗುದ್ದಿದ ಹಾಗೆ 'ಢಬ್' ಅನ್ನುತ್ತದೆ. ಕೆಲವರ ಮನೆಯಲ್ಲಿ ತೊಟ್ಟಿ ತುಂಬುತ್ತಾ ಬಂದಾಗ ಪೈಪು ಹೂಂಗುಟ್ಟುತ್ತದೆ. ಹೇಳಿದರೆ "ನೀರು ಬತ್ತದಲ್ಲ, ಸದ್ದು ಕಟ್ಕಂಡು ಏನಾಗ್ಬೇಕು ಬುಡಣ್ಣ" ಅನ್ನುವವರೇ ಹೆಚ್ಚು. ಈ ಮಾತು ಸರಿಯಲ್ಲ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾರಣ ಇಷ್ಟೆ. ಗುದ್ದುವ ಪೈಪಿನ ಜಾಯಿಂಟು ಇವತ್ತಲ್ಲ ನಾಳೆ ಸಡಿಲ ಆಗ್ತದೆ. ಸಡಿಲವಾದ ಜಾಯಿಂಟಿನಿಂದ ನೀರು ಬರುವಾಗ ಹೊರಕ್ಕೆ ಸೋರುತ್ತದೆ, ಅದನ್ನು ನಾವು ನೋಡುತ್ತೇವೆ. ನೀರು ನಿಂತು ಲೈನು ಬರಿದಾಗುವಾಗ ಅದೇ ಸಂದಿಯಿಂದ ಹೊರಗಿನ ಕೊಳೆನೀರನ್ನು ಪೈಪು ಒಳಕ್ಕೆ ಎಳೆದುಕೊಳ್ಳುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ನಮ್ಮ ಬೀದಿಗಳಲ್ಲಿ ಪೈಪು ಹೋಗಿರುವುದು ಚರಂಡಿಯ ಪಕ್ಕದಲ್ಲೇ. ಮಾರನೆ ದಿನ ಮೊದಲು ಬರುವ ಎರಡು ಕೊಡ ನೀರಿನಲ್ಲಿ ಏನಿರುತ್ತದೆ ಅಂತ ನೀವೇ ಯೋಚಿಸಿ. ಮಳೆಗಾಲದಲ್ಲಿ ಮಕ್ಕಳಿಗೆ ವಾಂತಿ ಭೇದಿ ಆದರೆ ಊಟದ ಮೇಲೆ, ಗಾಳಿಯ ಮೇಲೆ ಅನುಮಾನ ಪಡುತ್ತೇವೆ. ಪೈಪಿನ ಮೇಲೆ ಪಡುವುದಿಲ್ಲ.

ಈ ಗುದ್ದು ಎಲ್ಲಿಂದ ಬರುತ್ತದೆ? ಇಳಿಜಾರಲ್ಲಿ ಓಡುವ ಗಾಡಿಯನ್ನು ದಿಢೀರನೆ ತಡೆದರೆ ಮೂಟೆಗಳೆಲ್ಲ ಮುಂದಕ್ಕೆ ನುಗ್ಗುತ್ತವಲ್ಲ, ನೀರೂ ಹಾಗೇ. ಕಬ್ಬಿಣದ ಪೈಪಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬರುವ ನೀರನ್ನು ಒಂದೇ ಸಲಕ್ಕೆ ನಿಲ್ಲಿಸಿದರೆ, 100 ಮೀಟರಿಗೂ ಎತ್ತರದ ಟ್ಯಾಂಕಿನಿಂದ ಬಂದಷ್ಟು ಒತ್ತಡ ಒಂದು ಕ್ಷಣ ಏಳುತ್ತದೆ. ಪಿವಿಸಿ ಪೈಪು ಸ್ವಲ್ಪ ಹಿಗ್ಗುವುದರಿಂದ ಅದರಲ್ಲಿ ಇದಕ್ಕಿಂತ ಕಡಿಮೆ. ಹಳೆ ಕಾಲದ ತಿರುಪಿನ ನಲ್ಲಿಯನ್ನು ನಾಲ್ಕು ಸುತ್ತು ತಿರುಗಿಸಬೇಕಿತ್ತು, ನೀರು ನಿಧಾನಕ್ಕೆ ನಿಲ್ಲುತ್ತಿತ್ತು. ಈಗಿನ ನಲ್ಲಿಗಳು ಕಾಲು ಸುತ್ತಿಗೇ 'ಟಕ್' ಅಂತ ಮುಚ್ಚುತ್ತವೆ. ನೋಡಲು ಚೆಂದ, ಪೈಪಿಗೆ ಶನಿ.

ಸದ್ದು ಬಂತು ಅಂತ ಕೂಡಲೇ ಹೊಸ ನಲ್ಲಿ ತರಲು ಪಿರಿಯಾಪಟ್ಟಣಕ್ಕೋ ಕುಶಾಲನಗರಕ್ಕೋ ಓಡಬೇಡಿ. ಸದ್ದು ಯಾವಾಗ ಬರುತ್ತದೆ ಅಂತ ಎರಡು ದಿನ ಕಿವಿಗೊಟ್ಟು ಕೇಳಿ. ನಿಲ್ಲಿಸುವಾಗ ಮಾತ್ರ ಗುದ್ದಿದರೆ ಮೇಲೆ ಹೇಳಿದ ಕತೆಯೇ. ನಿಧಾನಕ್ಕೆ ಮುಚ್ಚಲು ಮನೆಯವರಿಗೆಲ್ಲ ಹೇಳಿ, ಕಾಣುವ ಪೈಪಿಗೆ ಮೂರು ಮೂರು ಅಡಿಗೆ ಕ್ಲಾಂಪು ಹೊಡೆಸಿ, ಕ್ಲಾಂಪಿನೊಳಗೆ ಹಳೆ ಸೈಕಲ್ ಟ್ಯೂಬಿನ ತುಂಡು ಇಡಿ. ಅರ್ಧ ಸದ್ದು ಅಲ್ಲೇ ಹೋಗುತ್ತದೆ. ನೀರು ಹರಿಯುತ್ತಿರುವಾಗ ಕಟಕಟ ಅಂದರೆ ತಿರುಪಿನ ನಲ್ಲಿಯ ವಾಷರ್ ಸವೆದಿದೆ ಅಥವಾ ಸಡಿಲ ಆಗಿದೆ. ಕೆಲವೇ ರೂಪಾಯಿಯ ಮಾಲು, ನಾವೇ ಹಾಕಬಹುದು. ತೊಟ್ಟಿ ತುಂಬುವ ಹೊತ್ತಿಗೆ ಹೂಂಗುಟ್ಟಿದರೆ ತೇಲುಗುಂಡಿನ ವಾಲ್ವ್ ನೋಡಿ. ಅರೆಬರೆ ಮುಚ್ಚಿಕೊಂಡು ಅದುರುತ್ತಿರುತ್ತದೆ. ಅದಕ್ಕೂ ವಾಷರ್ರೇ ಮದ್ದು, ಅಲ್ಲದಿದ್ದರೆ ವಾಲ್ವನ್ನೇ ಬದಲಿಸಬೇಕು. ಸೋಲಾರ್ ಬಿಸಿನೀರಿನ ಪೈಪು ಟಿಕ್ ಟಿಕ್ ಅನ್ನುವುದು ಬಿಸಿಗೆ ಹಿಗ್ಗುವುದರಿಂದ, ಅದಕ್ಕೆ ಹೆದರಬೇಕಿಲ್ಲ. ಅಲ್ಲಿ ಕ್ಲಾಂಪನ್ನು ಬಿಗಿ ಮಾಡದೆ ಪೈಪು ಜಾರುವಷ್ಟು ಜಾಗ ಬಿಡಬೇಕು.

ಇನ್ನೊಂದು ಲೆಕ್ಕ ನೆನಪಿಡಿ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ. ನಮ್ಮ ಮನೆಗಳ ಮೇಲೆ ಹತ್ತಡಿ ಎತ್ತರಕ್ಕೆ ಕೂರಿಸಿದ ಟ್ಯಾಂಕಿನಿಂದ ಅದರ ಮೂರರಲ್ಲೊಂದು ಪಾಲೂ ಬರುವುದಿಲ್ಲ. ಹಾಗಾಗಿ ಜೋರು ಗುದ್ದು ಸಾಮಾನ್ಯವಾಗಿ ಪಂಚಾಯ್ತಿಯ ನೇರ ಲೈನಿನದು, ಇಲ್ಲ ಮೋಟರಿನದು. ಟ್ಯಾಂಕಿನ ಲೈನು ಮಾಡುವುದು ಬೇರೆ ಸದ್ದು. ಗೊಳಗೊಳ ಅಂದು, ಉಗುಳಿ ಉಗುಳಿ ನೀರು ಬಿಡುತ್ತದೆ. ಅದು ಗಾಳಿ. ಟ್ಯಾಂಕಿನಿಂದ ಇಳಿಯುವ ಪೈಪಿಗೆ, ವಾಲ್ವ್ ಆದ ಮೇಲೆ, ಟ್ಯಾಂಕಿನ ತಲೆಗಿಂತ ಮೇಲಕ್ಕೆ ಹೋಗುವ ಒಂದು ಗಾಳಿಪೈಪು ಕೊಡಿಸಿದರೆ ಸರಿಹೋಗುತ್ತದೆ. ಮನೆ ಕಟ್ಟುವಾಗ ಈ ಐದಾರು ಅಡಿ ಪೈಪು ಉಳಿಸುವ ಮೇಸ್ತ್ರಿಗಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಈಗ ಬೀದಿಯ ವಿಷಯ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾದಾಗ ತಲೆಗೆ ದಿನಕ್ಕೆ 55 ಲೀಟರ್ ನೀರು ಮನೆ ಬಾಗಿಲಿಗೆ ಅಂತ ಹೇಳಿದರು. ಒಳ್ಳೆಯದೇ. ಹೆಂಗಸರು ಕೊಡ ಹೊತ್ತ ಕಾಲ ನೋಡಿದವನು ನಾನು. ಆದರೆ ದಿನಕ್ಕೆ ಒಂದೆರಡು ಗಂಟೆ ನೀರು ಬಿಟ್ಟು ನಿಲ್ಲಿಸುವ ಲೈನು ಉಳಿದ ಹೊತ್ತೆಲ್ಲ ಗಾಳಿ ತುಂಬಿಕೊಂಡಿರುತ್ತದೆ. ನೀರುಗಂಟಿ ವಾಲ್ವನ್ನು ಸರಸರನೆ ಬಿಚ್ಚಿದರೆ ನೀರು ಆ ಗಾಳಿಯನ್ನು ಅಟ್ಟಿಕೊಂಡು ಬಂದು ಎಲ್ಬೋಗಳಿಗೆ ಗುದ್ದುತ್ತದೆ. ಮೀಟರ್ ಹಾಕಿರುವ ಕಡೆ ಗಾಳಿಗೂ ಮೀಟರ್ ತಿರುಗುತ್ತದೆ. ಇದಕ್ಕೆ ನೀರುಗಂಟಿಯನ್ನು ಬೈದರೆ ಪ್ರಯೋಜನವಿಲ್ಲ. ನಾಲ್ಕು ಬೀದಿಗೆ ಒಬ್ಬನೇ ಓಡಾಡಬೇಕು, ನಿಧಾನಕ್ಕೆ ಬಿಚ್ಚು ಅಂತ ಅವನಿಗೆ ಹೇಳಿಕೊಟ್ಟವರಾರು? ಗ್ರಾಮಸಭೆಯಲ್ಲಿ ನಾವು ಕೇಳಬೇಕಾದ್ದು ಎರಡು. ಲೈನಿನ ದಿಬ್ಬದ ಜಾಗಗಳಲ್ಲಿ ಗಾಳಿ ವಾಲ್ವ್ ಹಾಕಿದ್ದಾರೋ, ಹಾಕಿದ್ದರೆ ಅದು ಕೆಲಸ ಮಾಡುತ್ತಿದೆಯೋ? ಬೀದಿ ದೀಪದ ಬಗ್ಗೆ ಕೂಗಾಡುವ ನಾವು ಇದನ್ನು ಕೇಳಿದ್ದು ನಾನು ಕಂಡಿಲ್ಲ.

ನಮ್ಮವರ ತಪ್ಪೂ ಇದೆ, ಮುಚ್ಚಿಟ್ಟು ಫಲವಿಲ್ಲ. ಬೀದಿ ನಲ್ಲಿಯ ಲೈನಿಗೇ ನೇರ ಮೋಟರ್ ಕೂರಿಸಿ ಎಳೆಯುವವರು ಇದ್ದಾರೆ. ಅವರು ಸ್ವಿಚ್ ಹಾಕಿದರೆ ಪಕ್ಕದ ಮನೆಯ ಪೈಪು ನಡುಗುತ್ತದೆ, ತುದಿ ಮನೆಗೆ ಹನಿಯೂ ಸಿಗುವುದಿಲ್ಲ. ಮೊದಲು ಹೇಳಿದ ಕೊಳೆನೀರನ್ನು ಇನ್ನೂ ಜೋರಾಗಿ ಎಳೆಯುವುದೂ ಇದೇ ಮೋಟರ್. ಅಣ್ಣತಮ್ಮಂದಿರೇ ಆಗಲಿ, ನೆಂಟರೇ ಆಗಲಿ, ಇದನ್ನು ಬಿಡಿಸಲೇಬೇಕು. ಬೇಕಿದ್ದರೆ ನೆಲದಲ್ಲಿ ಸಂಪು ಮಾಡಿ, ನೀರು ತಾನಾಗಿ ಬಂದು ಬಿದ್ದ ಮೇಲೆ ಅಲ್ಲಿಂದ ಮೇಲಕ್ಕೆತ್ತಲಿ.

ಬೋರ್ ಇರುವವರಿಗೆ ಒಂದು ಮಾತು. ಕರೆಂಟು ಹೋದಾಗ ಪೈಪಿನಲ್ಲಿ ಮೇಲೆ ಏರಿದ್ದ ನೀರು ವಾಪಸ್ ಬಂದು ನಾನ್ ರಿಟರ್ನ್ ವಾಲ್ವಿಗೆ ಬಡಿಯುತ್ತದೆ. ಬಾಗಿಲಿನಂತೆ ತೂಗುವ ವಾಲ್ವಿಗಿಂತ ಸ್ಪ್ರಿಂಗ್ ವಾಲ್ವ್ ಬೇಗ ಮುಚ್ಚುವುದರಿಂದ ಹೊಡೆತ ಕಡಿಮೆ. ವಾಲ್ವ್ ಕೆಟ್ಟಿದ್ದರೆ ನೀರೆಲ್ಲ ಕೆಳಕ್ಕೆ ಇಳಿದು ಪಂಪು ಹಿಂದುಮುಂದಾಗಿ ತಿರುಗುತ್ತದೆ. ಆ ಹೊತ್ತಿಗೇ ಕರೆಂಟು ಬಂದು ಆಟೋ ಸ್ಟಾರ್ಟರ್ ಎಳೆದರೆ ಶಾಫ್ಟು ಮುರಿದೀತು. ಸ್ಟಾರ್ಟರಿಗೆ ಕೆಲವು ನಿಮಿಷ ತಡವಾಗುವಂತೆ ಟೈಮರ್ ಇಡಿಸಿ.

ಗುದ್ದು ತಡೆಯಲು ನಲ್ಲಿಯ ಹತ್ತಿರ ಒಂದೂವರೆ ಅಡಿ ಪೈಪನ್ನು ನೆಟ್ಟಗೆ ಮೇಲಕ್ಕೆ ನಿಲ್ಲಿಸಿ ತುದಿಗೆ ಮುಚ್ಚಳ ಹಾಕುವ ಕ್ರಮವೂ ಇದೆ. ಒಳಗಿನ ಗಾಳಿ ಮೆತ್ತೆಯಂತೆ ಕೆಲಸ ಮಾಡುತ್ತದೆ. ಕ್ರಮೇಣ ಅದರಲ್ಲಿ ನೀರು ತುಂಬಿಕೊಳ್ಳುವುದರಿಂದ ಆಗಾಗ ಲೈನು ಬರಿದು ಮಾಡಿ ಗಾಳಿ ತುಂಬಿಸಬೇಕು. ಓದುಗರಲ್ಲಿ ಯಾರಾದರೂ ಇದನ್ನು ಮಾಡಿಸಿದ್ದರೆ, ಎಷ್ಟು ದಿನಕ್ಕೊಮ್ಮೆ ಬರಿದು ಮಾಡುತ್ತೀರಿ ಅಂತ ಪತ್ರಿಕೆಗೆ ಬರೆದು ತಿಳಿಸಿ.