ಕಣ್ಣು ಮುಚ್ಚಿ ನೋಡೋ ಪಿಕ್ಚರ್!



ಥಿಯೇಟರಿನಲ್ಲಿ ಪಿಕ್ಚರ್ ಓಡ್ತಾ ಇದೆ. ಖಳನಾಯಕ ಪಿಸ್ತೂಲು ಎತ್ತಿದ. ಅಷ್ಟರಲ್ಲಿ ಪರದೆ ಕಪ್ಪಾಯಿತು, ಸೌಂಡು ಮಾತ್ರ ಬರ್ತಾ ಇದೆ! ಆಗ ನಾವೇನು ಮಾಡ್ತೀವಿ? ಶಿಳ್ಳೆ, ಕೂಗಾಟ, ಆಪರೇಟರಿಗೆ ಮಂಗಳಾರತಿ. ಆದರೆ ಬಾಯಿ ಮುಚ್ಚಿಕೊಂಡು ಕೇಳಿದವನಿಗೆ ಗುಂಡು ಹಾರಿತೋ ಇಲ್ಲವೋ, ಬಿದ್ದವರು ಯಾರು ಅನ್ನೋದು ಕತ್ತಲಲ್ಲೇ ಗೊತ್ತಾಗಿರುತ್ತೆ.

ಆ ಕಪ್ಪು ಪರದೆಯನ್ನೇ ಆಟ ಮಾಡಿಕೊಂಡ ನಾಯಂಡಹಳ್ಳಿಯ ನಾಲ್ಕು ಹುಡುಗರ ಸಮಾಚಾರ ಈ ವಾರ.

'ಎಸ್ಕೇಪ್ ರೂಮ್' ಹೆಸರು ಕೇಳಿರಬಹುದು. ಗೆಳೆಯರನ್ನು ಒಂದು ಕೋಣೆಗೆ ಹಾಕಿ ಬೀಗ ಜಡೀತಾರೆ. ಒಳಗಿರೋ ಸುಳಿವು ಹುಡುಕಿ, ಒಗಟು ಬಿಡಿಸಿ, ಹೊತ್ತು ಮೀರೋದರೊಳಗೆ ಹೊರಗೆ ಬರಬೇಕು. ಜಪಾನಿನ ಕ್ಯೋಟೋದಲ್ಲಿ ತಕಾವೊ ಕಾಟೊ ಎಂಬಾತ 2007ರಲ್ಲಿ ಶುರು ಮಾಡಿದ ಆಟ, ಈಗ ಲೋಕವೆಲ್ಲಾ ಹಬ್ಬಿದೆ. ಶಂಕರ್‌ನಾಗ್ ಅವರ 'ಮಿಂಚಿನ ಓಟ' (1980) ನೋಡಿದವರಿಗೆ, ಜೈಲಿನಿಂದ ತಪ್ಪಿಸಿಕೊಳ್ಳೋ ಪ್ಲಾನು ಎಂಥ ರೋಮಾಂಚನ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಕಿವಿಯ ಅವತಾರವೂ ಇದೆ. ಕೋಣೆಯೂ ಇಲ್ಲ, ಬೀಗವೂ ಇಲ್ಲ. ಫೋನಿನಲ್ಲಿ ಎಲ್ಲರೂ ಸೇರುತ್ತಾರೆ, ಒಬ್ಬ ಕೋಣೆಯನ್ನು ಬಾಯಲ್ಲೇ ಕಟ್ಟುತ್ತಾನೆ, ಉಳಿದವರು ಕೇಳಿ ಕೇಳಿ ದಾರಿ ಹುಡುಕುತ್ತಾರೆ. ಆಸ್ಟ್ರೇಲಿಯಾದ ಬಿಲ್ ಸಂಡರ್ಲೆಂಡ್, ಡ್ಯಾನಿ ಸಿಲ್ಲರ್ ಜೋಡಿ 2017ರಿಂದ ಇದನ್ನೇ ಪಾಡ್‌ಕಾಸ್ಟ್ ಮಾಡಿ ಹೆಸರು ಮಾಡಿದೆ.

ಇದಕ್ಕೆ ವೈಜ್ಞಾನಿಕ ಕತೆ ಹೇಳಿ ಮಾಡಿಸಿದ ಜೋಡಿ. 1938ರಲ್ಲೇ ಆರ್ಸನ್ ವೆಲ್ಸ್ ಅಮೆರಿಕದ ರೇಡಿಯೋದಲ್ಲಿ ಮಂಗಳಗ್ರಹದವರನ್ನು ಇಳಿಸಿ, ಕೇಳಿದವರಲ್ಲಿ ಹಲವರ ಎದೆ ನಡುಗಿಸಿದ್ದ. ಯಾಕೆ ಅಂತೀರಾ? ಪರದೆ ಮೇಲೆ ರಾಕೆಟ್ ತೋರಿಸೋಕೆ ಕೋಟಿ ಕೋಟಿ ಬೇಕು. ರಾಕೆಟ್ ಕೇಳಿಸೋಕೆ ಅಮ್ಮನ ಪ್ರೆಶರ್ ಕುಕ್ಕರ್ ಸಾಕು!

ಈಗ ನಮ್ಮ ಹುಡುಗರಿಗೆ ಬರೋಣ. ಹೆಸರು ಬೇಡ, ಅವರವರ ಗ್ಯಾಂಗಿನ ಬಿರುದೇ ಸಾಕು. 'ಡೈರೆಕ್ಟರು' ನಾಯಂಡಹಳ್ಳಿಯಲ್ಲೇ ಇದ್ದಾನೆ, 2021ರಲ್ಲಿ ಮೆಟ್ರೋ ಬಂದ ಮೇಲೆ ಮಹಡಿಯಿಂದ ರೈಲು ಎಣಿಸುತ್ತಾನೆ. 'ಹೀರೋ' ದುಬೈಯಲ್ಲಿ. 'ಕಾಮಿಡಿಯನ್' ಮೈಸೂರಿನಲ್ಲಿ. ನಾಲ್ಕನೆಯವನು 'ಸೌಂಡ್ ಇಂಜಿನಿಯರ್'. ಆ ಬಿರುದು ಬಂದದ್ದು ಆಮೇಲೆ.

ಒಂದು ಕಾಲಕ್ಕೆ ನಾಲ್ವರೂ ಫಸ್ಟ್ ಡೇ ಫಸ್ಟ್ ಷೋ ಬಿಟ್ಟವರಲ್ಲ. ನಾಲ್ಕನೆಯವನಿಗೆ ಮೊದಲು ರಾತ್ರಿ ಹೊತ್ತು ಕಣ್ಣು ಕಾಣದಾಯಿತು. ಆಮೇಲೆ ಅಕ್ಕಪಕ್ಕದ್ದು ಮಸುಕಾಗಿ, ಕೊಳವೆಯೊಳಗಿಂದ ನೋಡಿದ ಹಾಗಾಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು ಡಾಕ್ಟರು. "ನೀವು ನೋಡ್ಕೊಂಡು ಬನ್ರೋ" ಅಂತ ಅವನು ಹಿಂದೆ ಸರಿದ. ಮುಜುಗರದಿಂದ ಇವರೂ ಕರೆಯೋದು ಬಿಟ್ಟರು. ಜಗಳವಿಲ್ಲ, ಕದನವಿಲ್ಲ. ಸ್ನೇಹ ಸದ್ದಿಲ್ಲದೆ ಹೋಗೋದು ಹೀಗೇ ಅಲ್ಲವೇ?

ಭಾನುವಾರ ರಾತ್ರಿಯ ಆಟ ಶುರುವಾದದ್ದು ಬರೀ ಹರಟೆಗೆ. ಇಂಗ್ಲಿಷ್ ಆಟಗಳು ರುಚಿಸದೆ, ಡೈರೆಕ್ಟರು ತಾನೇ ಕನ್ನಡದಲ್ಲಿ ಒಂದು ಕಟ್ಟಿದ. ಆ ರಾತ್ರಿ ನನ್ನನ್ನೂ ಸೇರಿಸಿಕೊಂಡಿದ್ದರು, ಕೇಳೋಕೆ ಮಾತ್ರ.

"ಇಸವಿ 2154. ಚಂದ್ರನ ಮೇಲೆ ನಾಯಂಡಹಳ್ಳಿ ನಿಲ್ದಾಣ. ನೀವು ಮೂವರೂ ಬಾಗಿಲ ಹೊರಗೆ ಸಿಕ್ಕಿಕೊಂಡಿದ್ದೀರಿ. ಆಮ್ಲಜನಕ 40 ನಿಮಿಷಕ್ಕಿದೆ. ಬೀಗಕ್ಕೆ ನಾಲ್ಕು ಅಂಕಿ. ಒಳಗಿರೋ ಮುದಿ ರೋಬೋಗೆ ಅದು ಗೊತ್ತು, ಆದರೆ ರೇಡಿಯೋ ಕೆಟ್ಟಿದೆ. ಬಾಗಿಲ ಪಕ್ಕ ಒಂದು ಕಬ್ಬಿಣದ ಪೈಪು ಒಳಗಿಂದ ಹೊರಗೆ ಬಂದಿದೆ. ಎಲ್ಲೆಲ್ಲೂ ನಿಶ್ಶಬ್ದ."

"ಬಾಗಿಲು ಒದೀತೀನಿ" ಅಂದ ಹೀರೋ. ಬಾಗಿಲು ಅಲುಗಲಿಲ್ಲ. "ಅಲ್ಲೂ ಮೈಸೂರು ರಸ್ತೆ ಜಾಮಾ ಗುರು?" ಅಂದ ಕಾಮಿಡಿಯನ್. ಹೀರೋ 1234 ಒತ್ತಿದ. ತಪ್ಪು, ಐದು ನಿಮಿಷ ಕಟ್! ಇಬ್ಬರೂ ಒಟ್ಟಿಗೆ ಕೂಗಾಡಿದರು. ಇನ್ನುಳಿದದ್ದು 22 ನಿಮಿಷ.

ಅಲ್ಲೀವರೆಗೂ ಬಾಯಿ ಬಿಡದ ನಾಲ್ಕನೆಯವನು ಮೆಲ್ಲಗೆ ಅಂದ: "ಚಂದ್ರನ ಮೇಲೆ ಗಾಳಿ ಇಲ್ಲ ಕಣ್ರೋ, ಅದಕ್ಕೇ ಸದ್ದಿಲ್ಲ. ಆದರೆ ಕಬ್ಬಿಣದೊಳಗೆ ಸದ್ದು ಹರಿಯುತ್ತೆ. ನನ್ನ ಹೆಲ್ಮೆಟ್ಟನ್ನ ಪೈಪಿಗೆ ತಾಗಿಸಿದೀನಿ. ಏನು ಕೇಳ್ಸುತ್ತೆ?"

ಡೈರೆಕ್ಟರ್ ಉತ್ತರ ಕೊಡಲಿಲ್ಲ. ಸ್ಟೀಲ್ ಲೋಟಕ್ಕೆ ಚಮಚದಲ್ಲಿ ಬಡಿಯತೊಡಗಿದ. ಟಣ್... ಆಮೇಲೆ ಒಂದು ಸಾಲು, ಮತ್ತೊಂದು, ಮಗದೊಂದು. "ಎರಡನೇದು ಎಂಟೋ ಒಂಬತ್ತೋ?" ಹೀರೋ ತಡಬಡಾಯಿಸಿದ. "ಒಂದು, ಒಂಬತ್ತು, ಐದು, ನಾಲ್ಕು" ಅಂದ ನಾಲ್ಕನೆಯವನು. ಕಾಮಿಡಿಯನ್ ಕಿರುಚಿದ: "1954! 'ಬೇಡರ ಕಣ್ಣಪ್ಪ'! ಅಣ್ಣಾವ್ರು ಹೀರೋ ಆದ ವರ್ಷ ಮಗಾ!"

ಬಾಗಿಲು ತೆರೆಯಿತು. ದುಬೈಯಿಂದ ಶಿಳ್ಳೆ ಬಂತು!

ಕಣ್ಣಿಲ್ಲದವರಿಗೆ ಕಿವಿ ದೇವರು ಕೊಟ್ಟ ವರ ಅಂತ ನಮ್ಮ ಪಿಕ್ಚರುಗಳು ಹೇಳ್ತಾ ಬಂದಿವೆ. ಅವನನ್ನು ಕೇಳಿದರೆ ನಗುತ್ತಾನೆ. "ವರ ಅಲ್ಲ ಸಾರ್, ಪ್ರಾಕ್ಟೀಸು. ಅಲ್ಲಿ ಯಾರಿಗೂ ಏನೂ ಕಾಣ್ತಿರ್ಲಿಲ್ಲ. ಎಲ್ಲರ ಟಿಕೆಟ್ಟೂ ಒಂದೇ ಕ್ಲಾಸು, ಅಷ್ಟೇ." ಕರುಣೆಯಿಂದ ಗೆಲ್ಲಿಸಿದ್ದರೆ ಈ ಮಾತು ಬರುತ್ತಿತ್ತೇ?

ಜಪಾನಿನ ಕೆಂಜಿ ಈನೋಗೂ ಇದು ಹೊಳೆದಿತ್ತು. ಕಣ್ಣು ಕಾಣದವರೂ ತನ್ನ ವಿಡಿಯೋ ಆಟಗಳನ್ನು ಕಷ್ಟಪಟ್ಟು ಆಡ್ತಾರೆ ಅಂತ ತಿಳಿದ ಆತ, ಬರೀ ಸದ್ದಿನಲ್ಲೇ ನಡೆಯೋ ಆಟವನ್ನು 1997ರಲ್ಲಿ ಸೆಗಾ ಸ್ಯಾಟರ್ನ್ ಯಂತ್ರಕ್ಕೆ ತಂದ. ಕಣ್ಣಿದ್ದವರಿಗೂ ಇಲ್ಲದವರಿಗೂ ಒಂದೇ ಆಟ!

ಹಾಗಾದರೆ ನಮ್ಮ ಸಿನಿಮಾ? ಥಿಯೇಟರಿಗೆ ಬರುವ ಚಿತ್ರಗಳಲ್ಲಿ ದೃಷ್ಟಿ ಇಲ್ಲದವರಿಗೆ ದೃಶ್ಯ ವಿವರಿಸುವ ಧ್ವನಿ, ಕಿವಿ ಕೇಳಿಸದವರಿಗೆ ಪರದೆ ಮೇಲೆ ಅಕ್ಷರ ಇರಬೇಕು ಅಂತ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಗಾಂಧಿನಗರದ ನಿರ್ಮಾಪಕರು ಇದನ್ನು ದಾನಧರ್ಮ ಅಂದುಕೊಳ್ಳಬಾರದು. ಅವರೂ ಕಾಸು ಕೊಟ್ಟು ಬರೋ ಅಭಿಮಾನಿಗಳೇ ಸ್ವಾಮಿ!

ನಾಯಂಡಹಳ್ಳಿ ಹುಡುಗರು ಅದಕ್ಕೂ ಕಾದು ಕೂರಲಿಲ್ಲ. ಎಲ್ಲಿ ಯಾರು ನಿಂತಿದ್ದಾರೆ, ಕೈಯಲ್ಲೇನಿದೆ, ಇಷ್ಟನ್ನು ಎರಡೇ ಮಾತಲ್ಲಿ ಹೇಳೋದನ್ನು ಆಟ ಅವರಿಗೆ ಕಲಿಸಿಬಿಟ್ಟಿತ್ತು. ಮೊನ್ನೆ ಕಾಮಿಡಿಯನ್ ಊರಿಗೆ ಬಂದಾಗ ಮೂವರೂ ಪಿಕ್ಚರಿಗೆ ಹೋದರು. ಮಾತಿಲ್ಲದ ಕಡೆ ಮಾತ್ರ ಕಿವಿಯಲ್ಲಿ ಪಿಸುಮಾತು: "ಹಿಂದೆ ಬಂದ. ಚಾಕು ಇದೆ." ಬಹಳ ದಿನದ ಮೇಲೆ ನಾಲ್ಕನೆಯವನು ಥಿಯೇಟರಿನಲ್ಲಿ ಶಿಳ್ಳೆ ಹೊಡೆದನಂತೆ.

ನಿಮ್ಮ ಗ್ಯಾಂಗಿಗೂ ಆಸೆ ಆಯ್ತೇ? ಖರ್ಚು ಸೊನ್ನೆ. ಒಬ್ಬ ಕಾಗದದ ಮೇಲೆ ಒಂದು ಕೋಣೆ, ನಾಲ್ಕು ವಸ್ತು, ಮೂರು ಒಗಟು, ಒಂದು ಬೀಗ ಬರೆದುಕೊಳ್ಳಲಿ. ಒಗಟಲ್ಲಿ ಒಂದಾದರೂ ಸದ್ದಿನದಾಗಿರಲಿ, ಅಡುಗೆಮನೆ ತುಂಬಾ ವಾದ್ಯಗಳಿವೆ. ಇಯರ್‌ಫೋನ್ ಹಾಕಿ, ದೀಪ ಆರಿಸಿ, ಒಂದು ಗಂಟೆ ಮೀರಿಸಬೇಡಿ. ಕಟ್ಟುನಿಟ್ಟಾದ ನಿಯಮ ಒಂದೇ: ಒಬ್ಬ ಮಾತಾಡುವಾಗ ಇನ್ನೊಬ್ಬ ಬಾಯಿ ಹಾಕಬಾರದು. ಹೀರೋಗಳಿಗೆ ಇದೇ ಬಲು ಕಷ್ಟ!

ಗ್ಯಾಂಗಿನಲ್ಲಿ ಈಚೆಗೆ ಸದ್ದಿಲ್ಲದೆ ಹಿಂದೆ ಸರಿದವನು ಯಾರಾದರೂ ಇದ್ದರೆ, ಮೊದಲ ಫೋನು ಅವನಿಗೇ ಮಾಡಿ.