ವಿಚಾರಣೆಯಿಲ್ಲದ ಶಿಕ್ಷೆ

ಪರಾಧೀನತೆಯ ದಿನಗಳಲ್ಲಿ ವಿಚಾರಣೆಯಿಲ್ಲದ ಶಿಕ್ಷೆಯ ರುಚಿಯನ್ನು ಕಂಡ ನಮ್ಮ ದೇಶದವರಿಗೆ ಅಮೆರಿಕದ ನಟ ಫಿಲಿಪ್ ಲೋಬ್ ಅವರ ಚರಿತ್ರೆಯು ಕೇವಲ ಪರದೇಶದ ಸಮಾಚಾರವೆಂದು ತೋರಲಾರದು. ಜನರನ್ನು ನಗಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿದ್ದ ಈ ಮಹನೀಯರು, ಯಾವ ಅಪರಾಧವೂ ಸಿದ್ಧವಾಗದೆ, ಯಾವ ನ್ಯಾಯಸ್ಥಾನವೂ ತೀರ್ಪು ಕೊಡದೆ, ಮೊದಲು ಅನ್ನವನ್ನೂ ಕೊನೆಗೆ ಪ್ರಾಣವನ್ನೂ ಕಳೆದುಕೊಂಡರು.

1891ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದ ಲೋಬ್, ನ್ಯೂಯಾರ್ಕಿನ ರಂಗಭೂಮಿಯಲ್ಲಿ ನಟರಾಗಿಯೂ ನಿರ್ದೇಶಕರಾಗಿಯೂ ಬಹುಕಾಲ ದುಡಿದವರು. ನಟರ ಸಂಘವಾದ ಆಕ್ಟರ್ಸ್ ಈಕ್ವಿಟಿಯಲ್ಲಿ, ನಾಟಕದ ಅಭ್ಯಾಸದ ದಿನಗಳಿಗೂ ವೇತನ ಸಲ್ಲಬೇಕೆಂದು ಶ್ರಮಿಸಿದವರು. 1949ರಲ್ಲಿ ಸಿ.ಬಿ.ಎಸ್. ದೂರದರ್ಶನದಲ್ಲಿ 'ದಿ ಗೋಲ್ಡ್‌ಬರ್ಗ್ಸ್' ಎಂಬ ಹಾಸ್ಯ ಧಾರಾವಾಹಿಯು ಪ್ರಾರಂಭವಾಯಿತು. ಬ್ರಾಂಕ್ಸ್ ಭಾಗದ ಯೆಹೂದ್ಯ ಸಂಸಾರವೊಂದರ ಸುಖದುಃಖಗಳೇ ಅದರ ವಸ್ತು. ಅದನ್ನು ಬರೆದು ಗೃಹಿಣಿ ಮಾಲಿಯ ಪಾತ್ರವನ್ನು ವಹಿಸಿದವರು ಗರ್ಟ್ರೂಡ್ ಬರ್ಗ್. ಪತಿಯಾದ ಜೇಕನ ಪಾತ್ರವು ಲೋಬ್ ಅವರದು. ಕಿಟಕಿಯಿಂದ ತಲೆಹಾಕಿ ನೆರೆಹೊರೆಯವರನ್ನು ಕೂಗುವ ಮಾಲಿಯೂ, ಸಂಸಾರದ ಭಾರವನ್ನು ಹೊತ್ತ ಜೇಕನೂ ನೋಡುವವರಿಗೆ ಮನೆಯವರೇ ಆದರು.

1950ರ ಜೂನ್ ತಿಂಗಳಲ್ಲಿ 'ರೆಡ್ ಚಾನಲ್ಸ್' ಎಂಬ ಪುಸ್ತಿಕೆಯು ಪ್ರಕಟವಾಯಿತು. ಕಮ್ಯೂನಿಸ್ಟರೊಡನೆ ಸಂಬಂಧವುಳ್ಳವರೆಂದು ಅದರಲ್ಲಿ ಸೂಚಿಸಲ್ಪಟ್ಟ 151 ಹೆಸರುಗಳಲ್ಲಿ ಲೋಬ್ ಅವರದೂ ಒಂದು. ಪುಸ್ತಿಕೆಯು ಸರ್ಕಾರದ್ದಲ್ಲ, ಖಾಸಗಿಯವರದು. ಪಕ್ಷದ ಸದಸ್ಯತ್ವವನ್ನು ಲೋಬ್ ಸ್ಪಷ್ಟವಾಗಿ ನಿರಾಕರಿಸಿದರು. ಆದರೂ ಧಾರಾವಾಹಿಯ ವೆಚ್ಚವನ್ನು ವಹಿಸಿದ್ದ ಜನರಲ್ ಫುಡ್ಸ್ ಕಂಪೆನಿಯು ಅವರನ್ನು ತೆಗೆಯಬೇಕೆಂದು ಒತ್ತಾಯಪಡಿಸಿತು. ಬರ್ಗ್ ಒಪ್ಪಲಿಲ್ಲ. ಪರಿಣಾಮವಾಗಿ 1951ರಲ್ಲಿ ಕಂಪೆನಿಯೂ ಹೋಯಿತು, ಸಿ.ಬಿ.ಎಸ್.ನಲ್ಲಿದ್ದ ಸ್ಥಾನವೂ ಹೋಯಿತು. 1952ರ ಜನವರಿಯಲ್ಲಿ ಲೋಬ್ ಪರಿಹಾರಧನಕ್ಕೆ ಒಪ್ಪಿ ಹೊರಬಂದರು. ಧಾರಾವಾಹಿಯು ಅವರಿಲ್ಲದೆ ಎನ್.ಬಿ.ಸಿ.ಯಲ್ಲಿ ಪುನಃ ಪ್ರಾರಂಭವಾಯಿತು. ಕೆಲಸ ದುರ್ಲಭವಾಯಿತು, ಅಸ್ವಸ್ಥನಾದ ಮಗನ ಆರೈಕೆಯ ಭಾರ ಮಾತ್ರ ಉಳಿಯಿತು. 1955ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು.

ಇದೇ ಕಾಲದ ಇನ್ನೊಂದು ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 'ಐ ಲವ್ ಲೂಸಿ' ಧಾರಾವಾಹಿಯ ಲೂಸಿಲ್ ಬಾಲ್ 1936ರಲ್ಲಿ ಕಮ್ಯೂನಿಸ್ಟ್ ಪಕ್ಷದ ಮತದಾರರೆಂದು ಹೆಸರು ನೋಂದಾಯಿಸಿದ್ದ ಸಂಗತಿಯು 1953ರಲ್ಲಿ ಬಯಲಾಯಿತು. ಅಜ್ಜನ ಸಂತೋಷಕ್ಕಾಗಿ ಹಾಗೆ ಮಾಡಿದೆನೆಂದು ಅವರು ಹೇಳಿದರು. ಆ ಮಾತು ಅಂಗೀಕೃತವಾಯಿತು. ಆಕೆ ಪಾರಾದುದಕ್ಕೆ ನಮಗೆ ಸಂತೋಷವೇ ಹೊರತು ಅಸೂಯೆಯಿಲ್ಲ. ಆದರೆ ದಾಖಲೆಯಿದ್ದವರ ಸಮಾಧಾನಕ್ಕೆ ದೊರೆತ ಬೆಲೆಯು, ದಾಖಲೆಯಿಲ್ಲದವರ ನಿರಾಕರಣೆಗೆ ಏಕೆ ದೊರೆಯಲಿಲ್ಲ? ಆಗ ದೇಶದಲ್ಲೆಲ್ಲ ಅತ್ಯಂತ ಜನಪ್ರಿಯವಾಗಿದ್ದ ಧಾರಾವಾಹಿ ಲೂಸಿಯದು. ವರ್ತಕನ ತಕ್ಕಡಿಯಲ್ಲಿ ತೂಗಿದ್ದು ಲಾಭವೇ ಹೊರತು ಸತ್ಯವಲ್ಲವೆಂದು ನಾವು ಭಾವಿಸುತ್ತೇವೆ.

1919ರ ರೌಲಟ್ ಶಾಸನವು ವಿಚಾರಣೆಯಿಲ್ಲದೆ ಜನರನ್ನು ಬಂಧನದಲ್ಲಿಡಲು ಅವಕಾಶ ಕೊಟ್ಟಾಗ ಭಾರತವೆಲ್ಲ ಕೆರಳಿ ನಿಂತಿತು. ಅಲ್ಲಿ ಆಜ್ಞೆಗೆ ಸರ್ಕಾರದ ಮೊಹರಾದರೂ ಇದ್ದಿತು. ವಿರೋಧಿಸತಕ್ಕವರು ಯಾರನ್ನು ವಿರೋಧಿಸಬೇಕೆಂಬುದನ್ನು ಅರಿತಿದ್ದರು. ಲೋಬ್ ಅವರ ಶಿಕ್ಷೆಗಾದರೋ ಸಹಿ ಹಾಕಿದವರೇ ಇಲ್ಲ. ಪುಸ್ತಿಕೆಯವರು ಹೆಸರನ್ನು ಮಾತ್ರ ಅಚ್ಚು ಹಾಕಿದರು. ಕಂಪೆನಿಯು ಗಿರಾಕಿಗಳ ಮನಸ್ಸನ್ನು ಮಾತ್ರ ನೋಡಿತು. ಉಳಿದವರು ಮೌನವಾಗಿ ಮಾತ್ರ ಇದ್ದರು. ಇಷ್ಟು ಜನರ 'ಮಾತ್ರ'ಗಳು ಕೂಡಿ ಒಬ್ಬ ಮನುಷ್ಯನನ್ನು ಕೊಂದವು.

1976ರ 'ದಿ ಫ್ರಂಟ್' ಚಲನಚಿತ್ರದಲ್ಲಿ, ಲೋಬ್ ಅವರ ಸ್ನೇಹಿತರೂ ಅದೇ ಬಹಿಷ್ಕಾರಕ್ಕೆ ಗುರಿಯಾಗಿದ್ದವರೂ ಆದ ಜೀರೋ ಮಾಸ್ಟೆಲ್, ಇಂತಹುದೇ ದುರಂತಕ್ಕೀಡಾದ ನಟನ ಪಾತ್ರವನ್ನು ವಹಿಸಿದರು. ಸತ್ತ ಮೇಲೆ ಸಲ್ಲುವ ಗೌರವ ಒಳ್ಳೆಯದೇ. ಅದರಿಂದ ಬದುಕಿದ್ದಾಗ ಕಸಿದುಕೊಂಡ ಅನ್ನವು ಹಿಂದಿರುಗುವುದಿಲ್ಲ. ಒಬ್ಬನ ಜೀವನೋಪಾಯವನ್ನು ಕೀಳುವ ಮುನ್ನ ಆರೋಪವನ್ನು ಅವನ ಮುಖದೆದುರು ಹೇಳಬೇಕು; ಅವನ ಉತ್ತರವನ್ನು ನಿಷ್ಪಕ್ಷಪಾತಿಗಳು ಕೇಳಬೇಕು. ಕಛೇರಿಯಲ್ಲಾಗಲಿ ಅಂಗಡಿಯಲ್ಲಾಗಲಿ ಅಧಿಕಾರದ ಲೇಖನಿಯನ್ನು ಹಿಡಿದವರೆಲ್ಲರೂ, ಯಾರದೋ ಪಟ್ಟಿಯನ್ನು ನೋಡಿ ಒಬ್ಬನ ಹೆಸರನ್ನು ಹೊಡೆದುಹಾಕುವ ಮುನ್ನ, ಫಿಲಿಪ್ ಲೋಬ್ ಅವರನ್ನು ಒಮ್ಮೆ ಸ್ಮರಿಸಬೇಕೆಂಬುದು ನಮ್ಮ ವಿಜ್ಞಾಪನೆ.