ಪಕ್ಷ ನಮ್ಮದು, ಬೇಡಿಕೆ ಯಾವುದು?

ವಾಲ್ಮೀಕಿ ಜಯಂತಿಯ ದಿನ ಚಿಕ್ಕಬಳ್ಳಾಪುರದಲ್ಲಾಗಲಿ ಚಿಂತಾಮಣಿಯಲ್ಲಾಗಲಿ ವೇದಿಕೆಯ ಮೇಲೆ ಎಲ್ಲ ಪಕ್ಷದವರೂ ಕೂಡಿರುತ್ತಾರೆ. ಆದಿಕವಿಗೆ ಹಾರ ಹಾಕಿ, ಎರಡು ಮಾತು ಹೊಗಳಿ, ಕಾರು ಹತ್ತುತ್ತಾರೆ. ಮರುದಿನ ತರಗತಿಯಲ್ಲಿ ನಾಯಕ ಜನಾಂಗದ ಹುಡುಗರು ನನ್ನನ್ನು ಕೇಳುವ ಪ್ರಶ್ನೆ ಒಂದೇ: “ಸಾರ್, ನಮಗೇ ಒಂದು ಪಕ್ಷ ಏಕಿರಬಾರದು?”

ಈ ಪ್ರಶ್ನೆ ಕಿವಿಗೆ ಬಿದ್ದೊಡನೆ ನಮ್ಮ ಊರುಗಳ ದೊಡ್ಡವರು ಮೂಗು ಮುರಿಯುತ್ತಾರೆ. “ಜಾತಿಗೊಂದು ಪಕ್ಷವೆ? ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರಲ್ಲಿ ಜನ ಒಂದೇ ಬಾವುಟಕ್ಕಾಗಿ ಗುಂಡಿಗೆ ಎದೆಯೊಡ್ಡಿದರು. ಆ ನೆಲದಲ್ಲಿ ಇಂಥ ಮಾತೆ?” ಎನ್ನುತ್ತಾರೆ. ಮಾತೇನೋ ಸೊಗಸಾಗಿದೆ. ಆದರೆ ಆಡುವವರು ಯಾರು? ಚುನಾವಣೆ ಬಂತೆಂದರೆ ಯಾವ ಹಳ್ಳಿಯಲ್ಲಿ ಯಾವ ಜಾತಿಯ ಮನೆ ಎಷ್ಟೆಂದು ಬಾಯಿಪಾಠ ಒಪ್ಪಿಸುವ ಮಹನೀಯರೇ! ಅವರು ಹಾಕಿದರೆ ಅದು ರಾಜಕೀಯ. ಬಡವನ ಮಗ ಅದೇ ಲೆಕ್ಕವನ್ನು ಹಾಕಿದರೆ ದೇಶ ಒಡೆಯುತ್ತದೆ. ಇದು ಯಾವ ಊರಿನ ನ್ಯಾಯ?

ಲೆಕ್ಕವನ್ನೇ ನೋಡೋಣ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಎಂಟು ಜನರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. ರಾಜ್ಯದ ವಿಧಾನಸಭೆಯಲ್ಲಿ ಪಂಗಡಗಳಿಗೆ ಮೀಸಲಾದ ಸ್ಥಾನಗಳು 15. ಗೌರಿಬಿದನೂರು, ಬಾಗೇಪಲ್ಲಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಈ ಐದರಲ್ಲಿ ಒಂದೂ ಆ ಪಟ್ಟಿಯಲ್ಲಿಲ್ಲ. ಬಹುಪಾಲು ಬಳ್ಳಾರಿ, ರಾಯಚೂರು, ಚಿತ್ರದುರ್ಗದ ಸೀಮೆಗೆ ಸೇರಿವೆ. ಹುಡುಗರ ಪ್ರಶ್ನೆ ಹೊಟ್ಟೆಕಿಚ್ಚಿನಿಂದ ಹುಟ್ಟಿದ್ದಲ್ಲ.

ಹಾಗಾದರೆ ನಾಳೆಯೇ ಪಕ್ಷ ಕಟ್ಟಿಬಿಡಬೇಕೆ? ಇಲ್ಲಿ ನನ್ನ ಹುಡುಗರೊಡನೆಯೂ ನನಗೆ ಜಗಳವುಂಟು. ನಾಯಕ ಜನಾಂಗದ ಹೆಸರಾಂತ ಮುಖಂಡರಾದ ಬಿ. ಶ್ರೀರಾಮುಲು 2011ರಲ್ಲಿ ಬಿ.ಎಸ್.ಆರ್. ಕಾಂಗ್ರೆಸ್ ಕಟ್ಟಿದರು. ಹೆಸರಿನಲ್ಲಿದ್ದವರು ಬಡವರು, ಶ್ರಮಿಕರು, ರೈತರು. ಆದರೆ ತಮ್ಮವನೊಬ್ಬ ಎದ್ದು ನಿಂತನೆಂದು ಹಿಗ್ಗಿದ ಸ್ವಜನರೂ ಕಡಿಮೆಯಿರಲಿಲ್ಲ. 2013ರ ಚುನಾವಣೆಯಲ್ಲಿ 4 ಸ್ಥಾನ ಬಂದವು. 2014ರಲ್ಲಿ ಮುಖಂಡರು ಭಾರತೀಯ ಜನತಾ ಪಕ್ಷಕ್ಕೆ ಮರಳಿದರು. ಕಟ್ಟಿದ ಪಕ್ಷವೂ ಅವರೊಡನೆ ಕರಗಿತು. ಒಬ್ಬರ ಹೆಗಲ ಮೇಲೆ ನಿಂತ ಮನೆ ಆ ಹೆಗಲು ತಿರುಗಿದ ಕಡೆಗೇ ತಿರುಗುತ್ತದೆ. ಕಟ್ಟಿದವರನ್ನು ಬೈದು ಪ್ರಯೋಜನವಿಲ್ಲ. ಅಡಿಪಾಯ ಕೇಳದೆ ಒಳಹೊಕ್ಕವರದೂ ತಪ್ಪು.

ಉತ್ತರದ ಛೋಟಾನಾಗಪುರದ ಕಥೆಯನ್ನೂ ಕೇಳಿ. ಜೈಪಾಲ್ ಸಿಂಗ್ ಮುಂಡಾ ಅವರ ಜಾರ್ಖಂಡ್ ಪಕ್ಷ 1952ರಲ್ಲಿ ಬಿಹಾರದ ವಿಧಾನಸಭೆಯ ಮುಖ್ಯ ವಿರೋಧ ಪಕ್ಷವಾಯಿತು. 1963ರಲ್ಲಿ ಅದೂ ಕಾಂಗ್ರೆಸ್ಸಿನಲ್ಲಿ ಲೀನವಾಯಿತು. ಆದರೆ ಆದಿವಾಸಿಗಳ ಬೇಡಿಕೆ ಲೀನವಾಗಲಿಲ್ಲ. ತಮ್ಮ ನೆಲಕ್ಕೊಂದು ರಾಜ್ಯ ಬೇಕೆಂಬ ಮಾತು ಪಕ್ಷ ಸತ್ತರೂ ಜನರ ಬಾಯಲ್ಲಿ ಉಳಿಯಿತು. 2000ದ ನವೆಂಬರ್ 15ರಂದು ರಾಜ್ಯವಾಗಿ ನಿಂತಿತು.

ಅಷ್ಟು ದೂರವೇಕೆ? ನಮ್ಮಲ್ಲೇ ಪಂಗಡಗಳ ಮೀಸಲಾತಿ 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿತು. ಏರಿಸಿದ್ದು ಪಂಗಡದ ಪಕ್ಷವಲ್ಲ. ನಾಗಮೋಹನ ದಾಸ್ ಆಯೋಗದ ವರದಿ ಕೈಯಲ್ಲಿತ್ತು, ರಾಜನಹಳ್ಳಿಯ ವಾಲ್ಮೀಕಿ ಪೀಠದ ಸ್ವಾಮಿಗಳು ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಧರಣಿ ಕುಳಿತರು. ಬೇಡಿಕೆ ಸ್ಪಷ್ಟವಾಗಿದ್ದುದರಿಂದ ಯಾವ ಪಕ್ಷಕ್ಕೂ ಇಲ್ಲವೆನ್ನುವ ಧೈರ್ಯ ಬರಲಿಲ್ಲ.

ಎಂಟರಲ್ಲಿ ಒಬ್ಬನ ಓಟಿನಿಂದ ಒಂದು ಕ್ಷೇತ್ರವೂ ದಕ್ಕದು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರನ್ನು ಕೇಳಿ: ಒಂದು ಗೂಡಿನ ಎಳೆ ನೂಲಾಗದು, ಹಲವು ಗೂಡಿನ ಎಳೆ ಕೂಡಬೇಕು. ಈ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ನಾಲ್ಕರಲ್ಲಿ ಒಬ್ಬರು. ಉಳುಮೆಯ ಜಮೀನಿಗೆ ಹಕ್ಕುಪತ್ರ, ಹೆಣ್ಣುಮಕ್ಕಳಿಗೆ ಹಾಸ್ಟೆಲು, ಸಾಮಾನ್ಯ ಕ್ಷೇತ್ರದಲ್ಲೂ ಅಭ್ಯರ್ಥಿಯಾಗುವ ಅವಕಾಶ: ಇವು ಇಬ್ಬರಿಗೂ ಬೇಕಾದವಲ್ಲವೆ?

ಆದ್ದರಿಂದ, ಹುಡುಗರೆ, ಪಕ್ಷ ಬೇಡವೆಂದು ನಾನು ಹೇಳಲಾರೆ. ಹೇಳುವ ಹಕ್ಕು ಮೂಗು ಮುರಿಯುವವರಿಗೂ ಇಲ್ಲ. ಮೊದಲು ಬೇಡಿಕೆಯನ್ನು ಬರೆಯಿರಿ. ಬಾವುಟದ ಬಣ್ಣವನ್ನು ಆಮೇಲೆ ಆರಿಸೋಣ.